ಫೈಲು ತ್ರುಟಿತವೋ? ಹೆಡರ್ ಓದಿ ನೋಡಿ

ಹೋದ ಮಳೆಗಾಲದಲ್ಲಿ ನಾನೊಂದು ತಪ್ಪು ಮಾಡಿದೆ. ವಿರಾಜಪೇಟೆಯಿಂದ ಇರಿಟ್ಟಿ ಕಡೆಗೆ ಹೊರಟವನು ಮಾಕುಟ್ಟದಲ್ಲಿ ಟೀ ಕುಡಿಯಲು ನಿಂತಿದ್ದೆ. ಸುತ್ತ ಕಾಡು, ಬಿಡದ ಮಳೆ, ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆಗಲೇ ನಮ್ಮ ಶಾಸನಾಸಕ್ತರ ವಾಟ್ಸಾಪ್ ಗುಂಪಿನಲ್ಲಿ ಹಿರಿಯ ಮೇಷ್ಟ್ರೊಬ್ಬರು ಒಂದು ಊರಿನ ಹೆಸರು ಹಾಕಿ, "ಇದು ರೈಸ್ ಅವರ ಕೊಡಗಿನ ಸಂಪುಟದಲ್ಲಿ ಇದೆಯಾ, ಸ್ವಲ್ಪ ನೋಡಿ ಹೇಳಪ್ಪ" ಅಂದರು.

ಕಾರಿನಲ್ಲೇ ಲ್ಯಾಪ್‌ಟಾಪ್ ತೆಗೆದೆ, ಫೋನಿನ ಹಾಟ್‌ಸ್ಪಾಟ್ ಹಾಕಿದೆ. ನಾನೇ ಬರೆದಿದ್ದ ಹಳೇ ಪೈಥಾನ್ ಕೋಡ್ ಓಡಿಸಿ, ಎಪಿಗ್ರಾಫಿಯ ಕರ್ನಾಟಿಕ ಒಂದನೇ ಸಂಪುಟದ 1914ರ ಪರಿಷ್ಕೃತ ಆವೃತ್ತಿಯ ಪಠ್ಯದ ಫೈಲ್ ಇಳಿಸಿಕೊಂಡೆ. ಹುಡುಕಿದೆ, ಸಿಗಲಿಲ್ಲ. "ಆ ಊರಿನ ಹೆಸರೇ ಇಲ್ಲ ಸರ್" ಅಂತ ಧೈರ್ಯವಾಗಿ ಬರೆದುಬಿಟ್ಟೆ.

ರಾತ್ರಿ ಮೇಷ್ಟ್ರು ಅಚ್ಚಾದ ಪುಸ್ತಕದ ಒಂದು ಪುಟದ ಫೋಟೋ ಹಾಕಿದರು. ಸಂಪುಟದ ಹಿಂಭಾಗದ ಪುಟ, ಹೆಸರು ಅಲ್ಲೇ ಇತ್ತು. ಕೆಳಗೆ ಒಂದೇ ಮಾತು: "ಇದೆಯಲ್ಲಪ್ಪ." ಅಷ್ಟರಲ್ಲಿ ಗುಂಪಿನ ಇನ್ನೊಬ್ಬರು ನನ್ನ ಮಾತು ನಂಬಿ, ತಮ್ಮ ಲೇಖನದ ಕರಡಿನಲ್ಲಿ "ರೈಸ್ ಇದನ್ನು ಗಮನಿಸಿಲ್ಲ" ಎಂದು ಸೇರಿಸಿಯೂ ಆಗಿತ್ತು.

ಆಗಿದ್ದೇನು ಅಂದರೆ, ಸಿಗ್ನಲ್ ಹೋದಾಗ ನನ್ನ ಫೈಲು ಅರ್ಧದಲ್ಲೇ ನಿಂತಿತ್ತು. ಸರ್ವರ್ ಕಳಿಸುತ್ತೇನೆ ಎಂದಿದ್ದು 6,12,408 ಬೈಟ್. ನನ್ನ ಡಿಸ್ಕಿನಲ್ಲಿ ಇದ್ದದ್ದು 2,31,870. ಆ ಮೊದಲ ಸಂಖ್ಯೆ ಹೆಡರಿನಲ್ಲಿ ನನ್ನ ಕೋಡಿಗೆ ಬಂದಿತ್ತು, ನಾನು ಓದಿರಲಿಲ್ಲ ಅಷ್ಟೇ.

ಹೆಡರ್ ಅಂದರೇನು? ನಾವು ಒಂದು ಫೈಲ್ ಕೇಳಿದಾಗ ಸರ್ವರ್ ನೇರವಾಗಿ ಫೈಲನ್ನೇ ಸುರಿಯುವುದಿಲ್ಲ. ಮೊದಲು ಒಂದು ಸ್ಥಿತಿಯ ಸಾಲು, ಆಮೇಲೆ ಹೆಸರು ಮತ್ತು ಬೆಲೆ ಇರುವ ಕೆಲವು ಸಾಲುಗಳು, ನಂತರ ಒಂದು ಖಾಲಿ ಸಾಲು. ಅದಾದ ಮೇಲೆ ಫೈಲಿನ ಒಡಲು. ನಮ್ಮ ಓದುಗರಿಗೆ ಇದು ಹೊಸದಲ್ಲ. ಕೊಡಗಿನ ಬಿಳಿಯೂರು ಶಾಸನದಲ್ಲಿ ಶಕವರ್ಷ 809, ಪೆರ್ಮಾನಡಿಯ 18ನೇ ವರ್ಷ ಎಂಬ ವಿವರಗಳನ್ನು ನೋಡಿಕೊಂಡೇ ನಾವು ದತ್ತಿಯ ವಿಷಯಕ್ಕೆ ಇಳಿಯುತ್ತೇವೆ. ಫೈಲಿನ ವಿಷಯದಲ್ಲಿ ಮಾತ್ರ ಈ ಶಿಸ್ತು ಮರೆತುಹೋಗುತ್ತದೆ.

ನನ್ನ ಕೋಡ್ ನೋಡುತ್ತಿದ್ದದ್ದು ಒಂದನ್ನೇ: 200 ಅನ್ನುವ ಸ್ಥಿತಿಸಂಖ್ಯೆ, ಅಂದರೆ "ಸರಿ". ಆದರೆ ಅದು ಹೊರಡುವುದು ಒಡಲಿಗಿಂತ ಮುಂಚೆ. "ಸ್ವಸ್ತಿ ಶ್ರೀ" ನೆಟ್ಟಗಿದೆ ಅಂತ ಕಲ್ಲಿನ ಕೆಳಭಾಗ ಒಡೆದಿಲ್ಲ ಎನ್ನಲಾಗದಲ್ಲ, ಹಾಗೆಯೇ. ಅದಕ್ಕೇ ಈಗ ಈ ಸಾಲುಗಳನ್ನೂ ಓದುತ್ತೇನೆ.

ಕಂಟೆಂಟ್-ಲೆಂತ್: ಒಡಲು ಎಷ್ಟು ಬೈಟ್ ಎಂಬ ಲೆಕ್ಕ. ಇಳಿದ ಬೈಟುಗಳ ಜೊತೆ ತಾಳೆ ನೋಡಬೇಕು. ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿ ಒಳಗೆ ಬಳಸುವ ಯುಆರ್‌ಎಲ್‌ಲಿಬ್3 ಈ ತಾಳೆಯನ್ನು ತಾನೇ ಮಾಡಿ ತಪ್ಪು ತೋರಿಸತೊಡಗಿದ್ದು 2023ರ 2.0 ಆವೃತ್ತಿಯಿಂದ. ನನ್ನಲ್ಲಿದ್ದದ್ದು ಅದಕ್ಕಿಂತ ಹಳೆಯದು, ಅರ್ಧ ಫೈಲನ್ನೂ ಸುಮ್ಮನೆ ಒಪ್ಪಿಕೊಂಡಿತು. ಒಂದು ಎಚ್ಚರಿಕೆ: ಕಂಟೆಂಟ್-ಎನ್‌ಕೋಡಿಂಗ್ ಎದುರು ಜಿಜಿಪ್ ಅಂತ ಇದ್ದರೆ ಆ ಸಂಖ್ಯೆ ಕುಗ್ಗಿಸಿ ಕಳಿಸಿದ ಗಾತ್ರದ್ದು, ಬಿಚ್ಚಿದ ಮೇಲಿನ ಫೈಲಿಗೆ ಹೋಲುವುದಿಲ್ಲ. ಕೆಲವೊಮ್ಮೆ ಈ ಸಾಲೇ ಇರದೆ, ಟ್ರಾನ್ಸ್‌ಫರ್-ಎನ್‌ಕೋಡಿಂಗ್: ಚಂಕ್ಡ್ ಎಂದಿರುತ್ತದೆ. ಆಗ ಒಡಲು ತುಂಡು ತುಂಡಾಗಿ ಬಂದು, ಕೊನೆಗೆ ಸೊನ್ನೆ ಗಾತ್ರದ ತುಂಡು ಬರುತ್ತದೆ. ಶಾಸನದ ಕೊನೆಯ "ಮಂಗಳ ಮಹಾಶ್ರೀ" ಇದ್ದ ಹಾಗೆ. ಅದು ಬಂದರೆ ಪಾಠ ಮುಗಿಯಿತು ಅಂತ ಅರ್ಥ.

ಕಂಟೆಂಟ್-ಟೈಪ್: ಬಂದಿರುವುದು ಏನು ಎಂಬುದು. ಹೆಸರಿನ ಕೊನೆಗೆ ಪಿಡಿಎಫ್ ಅಂತಿದ್ದರೂ ಇಲ್ಲಿ ಟೆಕ್ಸ್ಟ್/ಎಚ್‌ಟಿಎಂಎಲ್ ಕಂಡರೆ, ಸಿಕ್ಕಿರುವುದು ಗ್ರಂಥವಲ್ಲ, ಲಾಗಿನ್ ಪುಟವೋ ಕ್ಷಮಾಪಣೆಯ ಪುಟವೋ ಇರಬೇಕು. ಕನ್ನಡ ಪಠ್ಯಕ್ಕೆ ಇಲ್ಲಿಯೇ ಇನ್ನೊಂದು ಸಂಗತಿ. ಟೆಕ್ಸ್ಟ್ ಎಂದು ಹೇಳಿ ಚಾರ್‌ಸೆಟ್ ಹೇಳದಿದ್ದರೆ, ರಿಕ್ವೆಸ್ಟ್ಸ್ ಅದನ್ನು ಲ್ಯಾಟಿನ್-1 ಎಂದು ಊಹಿಸುತ್ತದೆ. ಆಗ ಹಳಗನ್ನಡದ ಪಾಠವೆಲ್ಲ ಗೀಚಿದ ಅಕ್ಷರವಾಗುತ್ತದೆ. ಫೈಲ್ ಕೆಟ್ಟಿದೆ ಅಂತ ಎಸೆಯಬೇಡಿ. ಎನ್‌ಕೋಡಿಂಗನ್ನು ಯುಟಿಎಫ್-8 ಎಂದು ನೀವೇ ಹೇಳಿ ಮತ್ತೆ ಓದಿಸಿ.

ಲಾಸ್ಟ್-ಮಾಡಿಫೈಡ್: ಸರ್ವರಿನಲ್ಲಿ ಆ ಫೈಲ್ ಕೊನೆಗೆ ಬದಲಾದ ದಿನ. ಗ್ರಂಥದ ಕಾಲಕ್ಕೂ ಇದಕ್ಕೂ ಸಂಬಂಧವಿಲ್ಲ. ಕೊಡಗಿನ ಸಂಪುಟ 1886ರಲ್ಲಿ ಮೊದಲು ಬಂತು, 1914ರಲ್ಲಿ ಪರಿಷ್ಕಾರವಾಯಿತು, 1972ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯಿಂದ ಹೊಸ ಆವೃತ್ತಿ ಬಂತು. ನಿಮ್ಮ ಕೈಲಿರುವುದು ಯಾವುದು ಅಂತ ತಿಳಿಯಲು ಶೀರ್ಷಿಕೆ ಪುಟವನ್ನೇ ನೋಡಬೇಕು. ಮಡಿಕೇರಿ ತಾಮ್ರಪಟದಲ್ಲಿ 388ನೇ ವರ್ಷ ಎಂದಿದ್ದರೂ, ಲಿಪಿ ನೋಡಿ ಅದು ಆಮೇಲಿನ ಕಾಲದ್ದು ಅಂದ ವಿದ್ವಾಂಸರಿದ್ದಾರೆ. ಬರೆದಿರುವ ಕಾಲವೊಂದು, ಪ್ರತಿಯ ಕಾಲ ಇನ್ನೊಂದು ಆಗಬಹುದು.

ಆಕ್ಸೆಪ್ಟ್-ರೇಂಜಸ್ ಮತ್ತು ಈಟ್ಯಾಗ್: ಘಟ್ಟದ ಊರುಗಳವರಿಗೆ ಇವೇ ಆಪ್ತಮಿತ್ರರು. ಮೊದಲನೆಯದರ ಎದುರು ಬೈಟ್ಸ್ ಎಂದಿದ್ದರೆ, ನಿಂತಲ್ಲಿಂದ ಮುಂದಕ್ಕೆ ಮಾತ್ರ ಕೇಳಬಹುದು. ನಮ್ಮ ಕೋರಿಕೆಯಲ್ಲಿ ರೇಂಜ್ ಹೆಡರ್ ಹಾಕಿ, ಹಿಂದೆ ಸಿಕ್ಕ ಈಟ್ಯಾಗನ್ನು ಇಫ್-ರೇಂಜ್‌ನಲ್ಲಿ ಕೊಡಬೇಕು. ಈಟ್ಯಾಗ್ ಅಂದರೆ ಆ ಪ್ರತಿಯ ಗುರುತು. ಪ್ರತಿ ಅದೇ ಆಗಿದ್ದರೆ 206 ಎಂಬ ಉತ್ತರದೊಂದಿಗೆ ಉಳಿದ ಭಾಗ ಬರುತ್ತದೆ, ಹಳೆಯದಕ್ಕೆ ಜೋಡಿಸಿ. 200 ಬಂತೋ, ಇಡೀ ಫೈಲು ಮೊದಲಿಂದ ಬರುತ್ತಿದೆ ಅಂತ ತಿಳಿದು ಹಳೆಯ ತುಂಡನ್ನು ಬಿಡಿ. ಇಲ್ಲದಿದ್ದರೆ ಎರಡು ಕಲ್ಲಿನ ಚೂರು ಸೇರಿಸಿ ಒಂದು ಶಾಸನ ಓದಿದ ಹಾಗಾಗುತ್ತದೆ.

ಕೋಡ್ ಬರೆಯದವರೂ ಇದನ್ನೆಲ್ಲ ನೋಡಬಹುದು. ಕಂಪ್ಯೂಟರಿನ ಬ್ರೌಸರಿನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಎಂಬಲ್ಲಿ ಹೋಗಿ, ಪುಟವನ್ನು ಮತ್ತೆ ತೆರೆದು ಯಾವುದಾದರೂ ಸಾಲಿನ ಮೇಲೆ ಕ್ಲಿಕ್ ಮಾಡಿ. ರೆಸ್ಪಾನ್ಸ್ ಹೆಡರ್ಸ್ ಅಂತ ಕಾಣುತ್ತದೆ.

ಹೆಡರ್ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿ ಅಂತಲ್ಲ. ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರ ತಪ್ಪಾಗಿ ಓದಿರಬಹುದು, ರೈಸ್ ಊರಿನ ಹೆಸರನ್ನು ಬೇರೆ ಕಾಗುಣಿತದಲ್ಲಿ ಬರೆದಿರಬಹುದು. ಆದರೆ ಅದು ಮುಂದಿನ ಹೆಜ್ಜೆ. ಪಡಿಯಚ್ಚಿನಲ್ಲಿ ಕೊನೆಯ ಸಾಲು ಕಾಣದಿದ್ದರೆ ನಾವು "ತ್ರುಟಿತ" ಎಂದು ಬರೆಯುತ್ತೇವೆಯೇ ಹೊರತು ಅಲ್ಲಿ ಏನೂ ಇರಲಿಲ್ಲ ಎನ್ನುವುದಿಲ್ಲ. "ಇದೆ" ಎನ್ನಲು ಒಂದು ಪುಟ ಸಾಕು, "ಇಲ್ಲ" ಎನ್ನಲು ಇಡೀ ಸಂಪುಟ ಕೈಲಿರಬೇಕು.

ಕರಡು ಬರೆದವರಿಗೆ ಆ ರಾತ್ರಿಯೇ ಫೋನ್ ಮಾಡಿ ಸಾಲು ತೆಗೆಸಿದೆ. ಕೋಡಿಗೆ ನಾಲ್ಕು ಸಾಲು ಸೇರಿಸಿದೆ: ಗಾತ್ರ ತಾಳೆಯಾಗದಿದ್ದರೆ ಅದು ಈಗ ಫೈಲಿನ ಹೆಸರಿನ ಮುಂದೆ "ತ್ರುಟಿತ" ಅಂತ ಬರೆಯುತ್ತದೆ.