ಗಂಟಿಯ ಜೀನಿನೊಳಗೆ ಹಾವಿನ ಕಡೆಯ ನೆಂಟ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಬದಿಯಲ್ಲಿ ನಾವು ದನಕರುಗಳಿಗೆ ಒಟ್ಟಾಗಿ ‘ಗಂಟಿ’ ಅಂತೇವೆ. ಹಟ್ಟಿಯ ಊರ ದನ, ಕಂಬಳದ ಕೋಣ, ಬೇಲಿ ಹಾರುವ ಆಡು, ಮೆಲುಕು ಹಾಕುವ ಇವೆಲ್ಲದರ ಡಿಎನ್‌ಎಯಲ್ಲಿ ಹೊರಗಿನಿಂದ ಬಂದು ಕೂತ ಒಂದು ತುಣುಕಿದೆ. ಹೆಸರು ಬೋವ್‌-ಬಿ. ದನದ ಜೀನೋಮಿನ ಸುಮಾರು ಕಾಲು ಭಾಗ ಇದರ ಮತ್ತು ಇದರಿಂದ ಹುಟ್ಟಿದ ತುಣುಕುಗಳದ್ದೇ!

ಕಾಪಿ-ಪೇಸ್ಟ್ ಮಾಡುವ ಡಿಎನ್‌ಎ

ಬೋವ್‌-ಬಿ ಒಂದು ರೆಟ್ರೋಟ್ರಾನ್ಸ್‌ಪೋಸಾನ್. ಅಂದರೆ ತನ್ನದೇ ಆರ್‌ಎನ್‌ಎ ನಕಲು ಮಾಡಿಸಿ, ಅದನ್ನು ಮತ್ತೆ ಡಿಎನ್‌ಎ ಮಾಡಿ, ಜೀನೋಮಿನ ಇನ್ನೊಂದು ಜಾಗಕ್ಕೆ ಅಂಟಿಸಿಕೊಳ್ಳುವ ತುಣುಕು. ಅಂಟಲು ಮೊದಲು ಅಲ್ಲಿನ ಡಿಎನ್‌ಎ ಕತ್ತರಿಸಬೇಕಲ್ಲ? ಅದಕ್ಕೆ ಎಂಡೋನ್ಯೂಕ್ಲಿಯೇಸ್ ಎಂಬ ಕತ್ತರಿಯನ್ನು ತಾನೇ ಹೊತ್ತು ತಿರುಗುತ್ತದೆ.

ಇದರ ಹತ್ತಿರದ ಸಂಬಂಧಿಗಳು ಸಿಕ್ಕಿದ್ದು ಹಾವು, ಹಲ್ಲಿಗಳ ಜಾತಿಯಲ್ಲಿ. ನಮ್ಮಲ್ಲಾಗಲಿ, ನಾಯಿ, ಹಂದಿಯಲ್ಲಾಗಲಿ ಇಲ್ಲ. ಸರೀಸೃಪಗಳ ರಕ್ತ ಹೀರುವ ಉಣುಗುಗಳಲ್ಲೂ ಬೋವ್‌-ಬಿ ಇದೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಾಗಾಗಿ ದಾಟಿಸಿದ್ದು ಉಣುಗು ಇರಬಹುದು ಎಂಬುದು ಸಂಶೋಧಕರ ಊಹೆ.

ಬ್ಯಾಕಪ್ ಇದ್ದರೆ ಧೈರ್ಯ

ಇಂಥ ತುಣುಕು ಕೆಲಸ ಮಾಡುವ ಜೀನಿನ ನಡುವೆ ಬಿದ್ದರೆ ಸಾಮಾನ್ಯವಾಗಿ ಜೀನ್ ಕೆಡುತ್ತದೆ. ಆದರೆ ಜೀನ್ ಮೊದಲೇ ಎರಡಾಗಿದ್ದರೆ? ಪ್ರಾಜೆಕ್ಟಿನ ಕೋಡ್ ಕಾಪಿ ಇಟ್ಟುಕೊಂಡು ಒಂದರಲ್ಲಿ ಏನು ಬೇಕಾದರೂ ಪ್ರಯೋಗ ಮಾಡುತ್ತೇವಲ್ಲ, ಹಾಗೆ.

ಬಿಸಿಎನ್‌ಟಿ ಜೀನಿನಲ್ಲಿ ಆದದ್ದು ಇದೇ. ಈ ಪ್ರೋಟೀನಿನ ಬಾಲದ ಭಾಗ ಯೀಸ್ಟಿನಿಂದ ಮನುಷ್ಯನವರೆಗೆ ಹೆಚ್ಚು ಬದಲಾಗದೆ ಉಳಿದಿದೆ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಜೀನ್ ಇಮ್ಮಡಿಯಾಯಿತು. ಒಂದು ಪ್ರತಿ ಹಳೇ ಬಾಲ ಉಳಿಸಿಕೊಂಡಿತು. ಇನ್ನೊಂದರಲ್ಲಿ ಆ ಬಾಲ ಹೋಗಿ, ಬೋವ್‌-ಬಿಯ ಕತ್ತರಿ ಭಾಗದಿಂದ ಬಂದ ತುಂಡು ಪ್ರೋಟೀನಿನ ಒಳಗೇ ಸೇರಿತು. ಬೇರೆ ಪ್ರಾಣಿಗಳಲ್ಲಿ ಕಾಣದ ಪ್ರೋಟೀನ್ ಹುಟ್ಟಿದ್ದು ಹೀಗೆ. ನೆಂಟ ಮನೆಯವನೇ ಆದ, ಕಾಣಿ!

ನೆಂಟರಿಲ್ಲದೆಯೂ ಪ್ರತಿಗಳಿಂದ ಲಾಭ ಉಂಟು. ನಮಗೆ ಲೈಸೋಜೈಮ್ ಜೀನ್ ಮುಖ್ಯವಾಗಿ ಒಂದೇ. ದನಕ್ಕೆ ಹತ್ತರಷ್ಟು. ಅವುಗಳಲ್ಲಿ ಕೆಲವು ನಾಲ್ಕನೇ ಹೊಟ್ಟೆಯಲ್ಲಿ ಕೆಲಸ ಮಾಡುತ್ತವೆ. ಹುಲ್ಲು ತಿಂದು ಬೆಳೆದ ಬ್ಯಾಕ್ಟೀರಿಯಾವನ್ನೇ ಒಡೆದು ದನ ಜೀರ್ಣಿಸಿಕೊಳ್ಳುವುದು ಹೀಗೆ.

ನಮ್ಮ ಗಿಡ್ಡದ ಲೆಕ್ಕ

2009ರಲ್ಲಿ ಪ್ರಕಟವಾದ ದನದ ಜೀನೋಮ್ ಅಮೆರಿಕದ ಹೆರ್‌ಫೋರ್ಡ್ ತಳಿಯ ಒಂದು ಹಸುವಿನದ್ದು. ಬಿಸಿಎನ್‌ಟಿ ಕಥೆ ಎಲ್ಲಾ ದನಗಳದ್ದೂ ಹೌದು. ಆದರೆ ಕೆಲವು ಜೀನ್‌ಗಳು ಎಷ್ಟು ಪ್ರತಿ ಇವೆ ಎನ್ನುವುದು ತಳಿಯಿಂದ ತಳಿಗೆ ಬದಲಾಗುತ್ತದೆ. ರೋಗನಿರೋಧಕ ಜೀನ್‌ಗಳಲ್ಲಿ ಇದು ಎದ್ದು ಕಾಣುತ್ತದೆ. ನಮ್ಮ ಮಳೆ, ಗುಡ್ಡದ ಮೇವು, ಉಣುಗು ಎಲ್ಲಾ ತಾಳಿಕೊಂಡು ಬಂದ ಮಲೆನಾಡು ಗಿಡ್ಡದ ಪ್ರತಿಗಳು ಆ ಹೆರ್‌ಫೋರ್ಡಿನಲ್ಲಿ ಸಿಗುವುದಿಲ್ಲ. ಹಾಲಿನ ಲೆಕ್ಕದಲ್ಲಿ ಜರ್ಸಿ, ಎಚ್‌ಎಫ್ ಗೆಲ್ಲಬಹುದು. ಹಟ್ಟಿಯಿಂದ ಗಿಡ್ಡ ಹೋದರೆ ಮಾತ್ರ ಅದರ ಬ್ಯಾಕಪ್ ಬೇರೆಲ್ಲೂ ಇಲ್ಲ.