ಕಿರುಗಾಸಿನ ಮೇಲೊಂದು ಸಾಮ್ರಾಜ್ಯ

ನನ್ನ ಮೇಜಿನ ಮೇಲೆ ಎರಡು ಕಂಚಿನ ನಾಣ್ಯಗಳಿವೆ. ಎರಡೂ ಬ್ರಿಟನ್ನಿನ ಫಾರ್ದಿಂಗ್‌ಗಳು. ಒಂದು 1948ರದು, ಇನ್ನೊಂದು 1949ರದು. ವ್ಯಾಸ 20 ಮಿಲಿಮೀಟರ್, ತೂಕ ಮೂರು ಗ್ರಾಂಗಿಂತಲೂ ಕಡಿಮೆ. ಒಂದು ಮುಖದಲ್ಲಿ ಆರನೆಯ ಜಾರ್ಜ್ ದೊರೆಯ ತಲೆ, ಮತ್ತೊಂದರಲ್ಲಿ ಬಾಲ ನಿಮಿರಿಸಿ ನಿಂತ ಪುಟ್ಟ ಹಕ್ಕಿ. ಇಸವಿಯೊಂದನ್ನು ಬಿಟ್ಟರೆ ಮೇಲ್ನೋಟಕ್ಕೆ ಇವುಗಳಲ್ಲಿ ಭೇದ ಕಾಣದು. ಆದರೆ ಭೂತಗನ್ನಡಿ ಹಿಡಿದು ದೊರೆಯ ತಲೆಯ ಸುತ್ತಲಿನ ಬರಹವನ್ನು ಓದಿದರೆ, ನಮ್ಮದೇ ಚರಿತ್ರೆಯ ಒಂದು ಪುಟ ಅಲ್ಲಿ ತೆರೆದುಕೊಳ್ಳುತ್ತದೆ.

ಫಾರ್ದಿಂಗ್ ಎಂದರೆ ನಾಲ್ಕನೆಯ ಒಂದು ಭಾಗ. ನಾಲ್ಕು ಫಾರ್ದಿಂಗಿಗೆ ಒಂದು ಪೆನ್ನಿ, ಹನ್ನೆರಡು ಪೆನ್ಸಿಗೆ ಒಂದು ಷಿಲಿಂಗ್, ಇಪ್ಪತ್ತು ಷಿಲಿಂಗಿಗೆ ಒಂದು ಪೌಂಡ್. ಅಂದರೆ ಪೌಂಡಿಗೆ 960 ಫಾರ್ದಿಂಗ್. ಆಣೆ, ಪೈಗಳ ಲೆಕ್ಕದಲ್ಲಿ ಬೆಳೆದ ನಮ್ಮ ಹಿರಿಯರಿಗೆ ಇದೇನೂ ವಿಚಿತ್ರವೆನಿಸುತ್ತಿರಲಿಲ್ಲ. 1927ರಿಂದ ರೂಪಾಯಿಯ ವಿನಿಮಯ ದರ 1 ಷಿಲಿಂಗ್ 6 ಪೆನ್ಸ್ ಆಗಿದ್ದುದರಿಂದ, ಒಂದು ರೂಪಾಯಿಗೆ 72 ಫಾರ್ದಿಂಗ್ ಸಲ್ಲುತ್ತಿತ್ತು. ಆಗಿನ ರೂಪಾಯಿಗೆ 64 ಪೈಸೆ. ಹೀಗಾಗಿ ಫಾರ್ದಿಂಗ್ ನಮ್ಮ ಹಳೆಯ ಪೈಸೆಗಿಂತ ಸ್ವಲ್ಪ ಕಡಿಮೆ ಬೆಲೆಯದು.

ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ಬೆಳ್ಳಿಯ ಪೆನ್ನಿಯನ್ನೇ ನಾಲ್ಕಾಗಿ ಕತ್ತರಿಸಿ ಚಿಲ್ಲರೆ ಮಾಡಿಕೊಳ್ಳುತ್ತಿದ್ದರು. 1279ರಲ್ಲಿ ಒಂದನೆಯ ಎಡ್ವರ್ಡ್ ದುಂಡನೆಯ ಬೆಳ್ಳಿ ಫಾರ್ದಿಂಗ್ ಅಚ್ಚು ಹಾಕಿಸುವ ಏರ್ಪಾಡು ಮಾಡಿದ. 1672ರಲ್ಲಿ ಎರಡನೆಯ ಚಾರ್ಲ್ಸ್‌ನ ತಾಮ್ರದ ಫಾರ್ದಿಂಗ್ ಮೇಲೆ ಬ್ರಿಟಾನಿಯಾ ದೇವಿ ಆಸೀನಳಾದಳು. ಮುಂದೆ ಕೆಲವು ವರ್ಷ ತವರದ ಫಾರ್ದಿಂಗ್‌ಗಳೂ ಬಂದವು. ಖೋಟಾ ತಡೆಯಲೆಂದು ಅವುಗಳ ನಡುವೆ ತಾಮ್ರದ ಬೆಣೆ ಕೂಡಿಸಲಾಗಿತ್ತು. 1860ರಲ್ಲಿ ತಾಮ್ರದ ಸ್ಥಾನಕ್ಕೆ ಕಂಚು ಬಂತು.

1937ರಲ್ಲಿ ಬ್ರಿಟಾನಿಯಾ ಫಾರ್ದಿಂಗನ್ನು ಬಿಟ್ಟುಕೊಟ್ಟಳು. ಆಕೆಯ ಜಾಗದಲ್ಲಿ ಹೆರಾಲ್ಡ್ ವಿಲ್ಸನ್ ಪಾರ್ಕರ್ ರೂಪಿಸಿದ ರೆನ್ ಹಕ್ಕಿ ಬಂದು ಕುಳಿತಿತು. ಅತಿ ಕಡಿಮೆ ಬೆಲೆಯ ನಾಣ್ಯಕ್ಕೆ ಆ ದೇಶದ ಅತಿ ಸಣ್ಣ ಹಕ್ಕಿಗಳಲ್ಲೊಂದು. ಸಿಂಹ, ಕಿರೀಟ, ಗುರಾಣಿಗಳ ನಾಣ್ಯಲೋಕದಲ್ಲಿ ಇಷ್ಟು ವಿನಯದ ಚಿತ್ರ ಅಪರೂಪವೆಂದೇ ನನ್ನ ಭಾವನೆ.

ಆದರೆ ನಾಣ್ಯದ ಇನ್ನೊಂದು ಮುಖಕ್ಕೆ ಆ ವಿನಯವಿಲ್ಲ. 1948ರ ಫಾರ್ದಿಂಗ್ ಮೇಲೆ ದೊರೆಯ ಹೆಸರಿನ ಬಳಿಕ ಲ್ಯಾಟಿನ್ ಬಿರುದುಗಳ ಸಾಲಿದೆ; ಅದರ ಕೊನೆಗೆ 'ಇಂಡ್ ಇಂಪ್' ಎಂಬ ಸಂಕ್ಷೇಪ, ಅಂದರೆ ಭಾರತದ ಚಕ್ರವರ್ತಿ. ವಿಕ್ಟೋರಿಯಾ ರಾಣಿಗೆ ಈ ಬಿರುದು ದಕ್ಕಿದ್ದು 1876ರ ಕಾಯಿದೆಯಿಂದ. ಬ್ರಿಟನ್ನಿನ ಸ್ವಂತ ನಾಣ್ಯಗಳ ಮೇಲೆ ಅದು ಕಾಣಿಸಿಕೊಂಡದ್ದು 1893ರಲ್ಲಿ. ಅಲ್ಲಿಂದ ಮುಂದೆ ಅರ್ಧ ಶತಮಾನಕ್ಕೂ ಮಿಕ್ಕಿ, ಲಂಡನ್ನಿನ ಬಡ ಹೆಂಗಸು ಅಂಗಡಿಯಲ್ಲಿ ಎಣಿಸಿಕೊಡುತ್ತಿದ್ದ ಚಿಲ್ಲರೆಯ ಮೇಲೂ ನಮ್ಮ ದಾಸ್ಯದ ಮುದ್ರೆಯಿತ್ತು. ಆಕೆ ಅದನ್ನು ಓದಿದ್ದಳೆಂದು ನಾನು ನಂಬಲಾರೆ.

1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾಯಿತು. ದೊರೆ ಬಿರುದನ್ನು ವಿಧ್ಯುಕ್ತವಾಗಿ ತ್ಯಜಿಸಿದ್ದು 1948ರ ಜೂನ್‌ನಲ್ಲಿ. 1949ರ ನಾಣ್ಯದಲ್ಲಿ ಲ್ಯಾಟಿನ್ನಿನ ಆ ಆರು ಅಕ್ಷರಗಳಿಲ್ಲ. ಹಾಗೆಂದು ಜಾಗ ಖಾಲಿ ಉಳಿದಿಲ್ಲ. ಹಿಂದೆ ಎರಡೇ ಅಕ್ಷರಗಳಲ್ಲಿ ಮುದುಡಿದ್ದ 'ಧರ್ಮರಕ್ಷಕ' ಎಂಬ ಬಿರುದನ್ನು 'ಫಿಡೆಯ್ ಡೆಫ್' ಎಂದು ಹಿಗ್ಗಿಸಿ ಬರೆಯಲಾಗಿದೆ. ಒಂದು ಉಪಖಂಡ ಕೈಬಿಟ್ಟದ್ದರ ಗುರುತು ಸಾಮಾನ್ಯರ ಕಣ್ಣಿಗೆ ಬೀಳದಂತೆ ಮುಚ್ಚಿಹೋಯಿತು. ಸಾಮ್ರಾಜ್ಯಗಳು ಅಬ್ಬರದಿಂದ ಬರುತ್ತವೆ, ಹೋಗುವಾಗ ಅಕ್ಷರಗಳ ನಡುವಿನ ಅಂತರವನ್ನು ಸರಿಪಡಿಸಿ ಹೋಗುತ್ತವೆ.

ಫಾರ್ದಿಂಗಿನ ಅಂತ್ಯವೂ ಸದ್ದಿಲ್ಲದ್ದೇ. ಬಟ್ಟೆ ಅಂಗಡಿಗಳವರಿಗೆ ಒಂದು ಪೌಂಡ್ ಎನ್ನುವ ಬದಲು 19 ಷಿಲಿಂಗ್ 11 ಪೆನ್ಸ್ 3 ಫಾರ್ದಿಂಗ್ ಎಂದು ಬೆಲೆ ಬರೆಯುವ ಚಾಳಿಯಿತ್ತು. ಮರಳಿ ಕೊಡಬೇಕಾದ ಒಂದು ಫಾರ್ದಿಂಗಿನ ಬದಲಿಗೆ ಗುಂಡುಸೂಜಿಯ ಪೊಟ್ಟಣ ಕೊಡುವುದೂ ರೂಢಿಯಲ್ಲಿತ್ತು. ಚಿಲ್ಲರೆ ಇಲ್ಲವೆಂದು ಅಂಗಡಿಯವನು ಚಾಕೊಲೇಟ್ ಕೈಗಿತ್ತಾಗ ಸುಮ್ಮನೆ ಬಂದಿರುವ ನಮಗೆ ಇದು ಹೊಸದಲ್ಲ. ಬೆಲೆಗಳು ಏರಿದಂತೆ ಫಾರ್ದಿಂಗಿಗೆ ಕೊಳ್ಳುವ ಶಕ್ತಿ ಉಳಿಯಲಿಲ್ಲ. 1956ರ ಇಸವಿಯ ಬಳಿಕ ಹೊಸದು ಬರಲಿಲ್ಲ. 1960ರ ಕೊನೆಗೆ ಅದರ ಚಲಾವಣೆ ನಿಂತಿತು. ಉಳಿದ ಹಳೆಯ ಲೆಕ್ಕವೂ 1971ರ ಫೆಬ್ರುವರಿ 15ರಂದು ದಶಮಾಂಶ ಪದ್ಧತಿಗೆ ದಾರಿ ಬಿಟ್ಟಿತು. ಭಾರತ ಆ ಹೆಜ್ಜೆಯನ್ನು ಹದಿನಾಲ್ಕು ವರ್ಷ ಮೊದಲೇ, 1957ರ ಏಪ್ರಿಲ್ 1ರಂದು ಇಟ್ಟಿತ್ತು.

ನಮ್ಮಲ್ಲಿಯೂ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು 2011ರ ಜೂನ್ 30ರೊಂದಿಗೆ ಕೊನೆಗೊಂಡವು. ಐವತ್ತು ಪೈಸೆಗೆ ಕಾನೂನಿನ ಮಾನ್ಯತೆಯಿದೆ, ಅಂಗಡಿಯಲ್ಲಿ ಮರ್ಯಾದೆಯಿಲ್ಲ. ಕಿರುಗಾಸು ಹೋಯಿತೆಂದು ಉಳ್ಳವರು ಮರುಗುವುದಿಲ್ಲ. ಜೇಬು ಹಗುರವಾಯಿತೆಂದು ಸಂತೋಷವನ್ನೇ ಪಡುತ್ತಾರೆ. ಆದರೆ ಬೆಲೆಯನ್ನು ಮೇಲಕ್ಕೆ ದುಂಡಗೆ ಮಾಡಿದಾಗಲೆಲ್ಲ ಆ ವ್ಯತ್ಯಾಸ ಹೆಚ್ಚು ಭಾರವಾಗುವುದು, ದಿನದ ಸಾಮಾನನ್ನು ದಿನದ ಕೂಲಿಯಲ್ಲಿ ಕೊಳ್ಳುವವರಿಗೆ. ಫಾರ್ದಿಂಗ್ ಇದ್ದಷ್ಟು ದಿನ ಅವರ ಕಾಲು ಪೆನ್ನಿಗೂ ಒಂದು ಲೆಕ್ಕವಿತ್ತು.

ಸಂಗ್ರಾಹಕರ ದೃಷ್ಟಿಯಲ್ಲಿ ನನ್ನ ಈ ಎರಡು ನಾಣ್ಯಗಳು ಅಂಥ ಅಪೂರ್ವ ವಸ್ತುಗಳಲ್ಲ. ಆದರೂ ಅವುಗಳನ್ನು ನಾನು ಬೇರ್ಪಡಿಸಲಾರೆ. ಜೋಡಿಯಾಗಿಟ್ಟು ನೋಡಿದಾಗಲೇ, ಒಂದರಲ್ಲಿದ್ದುದು ಇನ್ನೊಂದರಲ್ಲಿ ಇಲ್ಲವೆಂಬುದು ಗೊತ್ತಾಗುತ್ತದೆ.