ರೇಷ್ಮೆಹುಳುವಿನ ರಕ್ತಕಣಗಳ ವ್ಯೂಹರಚನೆ

ರೇಷ್ಮೆಹುಳುವಿನ ರಕ್ತ ಕೆಂಪಲ್ಲ. ಬೆನ್ನಿನ ಒಂದು ನಾಳವನ್ನುಳಿದರೆ ಅದು ದೇಹದ ಪೊಳ್ಳಿನಲ್ಲಿಯೇ ತುಂಬಿ ಹರಿಯುತ್ತದೆ. ಆಮ್ಲಜನಕವನ್ನು ಒಯ್ಯುವ ಕಾರ್ಯ ಶ್ವಾಸನಾಳಗಳದಾದುದರಿಂದ, ರಕ್ತಕಣಗಳಿಗೆ ದೇಹರಕ್ಷಣೆಯೇ ಮುಖ್ಯ ಕರ್ತವ್ಯ. ಮನುಷ್ಯನ ರಕ್ತದಲ್ಲಿರುವಂಥ ಪ್ರತಿಕಾಯಗಳು ಕೀಟಕ್ಕಿಲ್ಲ.

ಗಾಯದ ಮೂಲಕವೋ ಕರುಳನ್ನು ಭೇದಿಸಿಯೋ ಬ್ಯಾಕ್ಟೀರಿಯಗಳು ರಕ್ತವನ್ನು ಹೊಕ್ಕಾಗ, ಅವು ಅಲ್ಪಸಂಖ್ಯೆಯವಾದರೆ ಒಂದೊಂದು ಕಣವೇ ಅವನ್ನು ನುಂಗಿ ಜೀರ್ಣಿಸುತ್ತದೆ. ಸಂಖ್ಯೆ ಮಿತಿಮೀರಿದರೆ ಅನೇಕ ಕಣಗಳು ಒಟ್ಟುಗೂಡಿ, ವೈರಿಸಮೂಹವನ್ನು ನಡುವೆ ಸಿಲುಕಿಸಿ ಗಂಟು ಕಟ್ಟುತ್ತವೆ. ಕ್ರಮೇಣ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಆ ಗಂಟನ್ನು ಆವರಿಸುತ್ತದೆ. ರೇಷ್ಮೆ ಕೃಷಿಕರು ಹೇಳುವ ಗಂಟುರೋಗ ಬೇರೆ. ಇದು ರಕ್ಷಣೆಯ ಗಂಟು.

ಕಣಗಳನ್ನು ವೈರಿಗೆ ಬೆಸೆಯುವ ವಸ್ತು ಯಾವುದು? ಈ ಪ್ರಶ್ನೆಗೆ ಒಂದು ಉತ್ತರ ಹೈದರಾಬಾದಿನಲ್ಲಿಯೇ ದೊರೆಯಿತು. ಇಲ್ಲಿಯ ಡಿ.ಎನ್.ಎ. ಬೆರಳಚ್ಚು ಮತ್ತು ರೋಗನಿರ್ಣಯ ಕೇಂದ್ರದಲ್ಲಿ ಜೆ. ನಾಗರಾಜು ಅವರೂ ಸಹೋದ್ಯೋಗಿಗಳೂ ಟಸರ್ ರೇಷ್ಮೆಹುಳುವಿನಲ್ಲಿ ಕಂಡ ಪ್ರೋಟೀನೊಂದನ್ನು 2007ರಲ್ಲಿ ವಿವರಿಸಿದರು. ‘ನಾಡ್ಯುಲರ್’ ಎಂದು ಹೆಸರಾದ ಅದು ಬ್ಯಾಕ್ಟೀರಿಯದ ಹೊರಕವಚಕ್ಕೂ ಅಂಟುತ್ತದೆ, ರಕ್ತಕಣಕ್ಕೂ ಅಂಟುತ್ತದೆ. ಅದರ ಉತ್ಪತ್ತಿಯನ್ನು ತಡೆದಾಗ ಗಂಟುಗಳು ಕಡಿಮೆಯಾದುವು. ರಕ್ತದಲ್ಲಿ ಬ್ಯಾಕ್ಟೀರಿಯಗಳು ಹೆಚ್ಚಿದುವು. ಕಣಗಳಿದ್ದರೆ ಸಾಲದು, ಅವನ್ನು ಕೂಡಿಸುವ ಕೊಂಡಿಯೂ ಬೇಕೆಂಬುದು ಇದರಿಂದ ಸಿದ್ಧವಾಯಿತು.

ಸಪ್ಪೆರೋಗ ತಗುಲಿದ ಹುಳು ಮೆತ್ತಗಾಗಿ ಸಾಯುವುದನ್ನೂ, ಒಂದು ಬೆಳೆಯೇ ಕೈಬಿಡುವುದನ್ನೂ ರಾಮನಗರ, ಕೋಲಾರಗಳ ರೈತರು ಚೆನ್ನಾಗಿ ಬಲ್ಲರು. ಹುಳುವಿನ ಸಹಜಬಲ ಎಲ್ಲಿ ನಿಂತಿದೆ, ಎಲ್ಲಿ ಕುಂದುತ್ತದೆ ಎಂಬ ಈ ಅರಿವು, ರೋಗ ತಾಳಬಲ್ಲ ತಳಿಗಳನ್ನು ಅರಸುವವರಿಗೆ ದಾರಿದೀಪವಾಗಬಲ್ಲುದು.